ಹಂಡೆ ತಿಕ್ಕಿದ ನೀರು

ಪ್ಲಾಸ್ಟಿಕ್ ತಿನ್ನುವ ಹೊಂಡ ಎಂಟು ದಿನದಿಂದ ಏನೂ ತಿಂದಿರಲಿಲ್ಲ. ಓಣಿಯವರು ಎಸೆದ ಹಾಲಿನ ಚೀಲ, ಶಾಂಪೂ ಬಾಟಲಿ ಹಾಗೇ ತೇಲುತ್ತಿದ್ದವು. ಇವತ್ತು ಸಂಜೆಯೊಳಗೆ ತಿನ್ನದಿದ್ದರೆ ನಗರಸಭೆಯವರು ಹೊಂಡ ಮುಚ್ಚುತ್ತಾರೆ, ಆಮೇಲೆ ಮೊದಲಿನಂತೆ ಸುಡುವುದೇ ಗತಿ. ಆ ಹೊಗೆ ಕುಡಿದೇ ಫಕೀರವ್ವನ ಗಂಡ ಕೆಮ್ಮಿ ಕೆಮ್ಮಿ ಸತ್ತಿದ್ದ.

ಸೂಪರ್‌ವೈಸರ್ ಗುರುಶಾಂತ ಪ್ಲಾಸ್ಟಿಕ್ ಕರಗಿಸುವ ಕಿಣ್ವದ ಮೂರನೆಯ ಡ್ರಮ್ ಸುರಿಸುತ್ತಿದ್ದಾಗ ಅವಳು ತಾಮ್ರದ ಹಂಡೆ ತಂದು ದಂಡೆಯ ಮೇಲೆ ಕುಕ್ಕಿದಳು. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕತೊಡಗಿದಳು.

“ಯಕ್ಕಾ, ಬೋರ್ಡ್ ಕಾಣಂಗಿಲ್ಲೇನ? ಇಲ್ಲಿ ಭಾಂಡೆ ತಿಕ್ಕಬಾರದು!”

“ನೀ ಆ ಬೋರ್ಡ್ ಹಾಕಿದ ಮ್ಯಾಲೇ ಹೊಂಡ ಉಪವಾಸ ಕುಂತೈತಿ. ಹತ್ತು ವರ್ಷ ನಾವಿಲ್ಲೇ ಹಂಡೆ ತಿಕ್ಕೀವಿ, ಒಂದಿನಾನೂ ನಿಂತಿದ್ದಿಲ್ಲ.”

“ಅದಕ್ಕ ಹೊಸಾ ಕಿಣ್ವ ಹಾಕಾಕತ್ತೇನಲ್ಲ!”

“ಕುಡುಗೋಲಿಲ್ಲದ ಆಳು ನೂರು ಮಂದಿ ಬಂದ್ರೂ ಕೊಯ್ಲು ಆಗತೈತೇನು? ನಿನ್ನ ಕಿಣ್ವದ ಕೈಯಾಗ ತಾಮ್ರ ಇಲ್ಲ. ಸರಿ ಅತ್ತಾಗ!”

ಹಂಡೆ ತೊಳೆದು ಹಸಿರುಗಟ್ಟಿದ ನೀರನ್ನು ಹೊಂಡಕ್ಕೆ ಸುರಿದಳು. ಏನೂ ಆಗಲಿಲ್ಲ. ಗುರುಶಾಂತ ನಕ್ಕ. ಅವಳು ತಲೆ ಎತ್ತದೆ ಮತ್ತೆ ತಿಕ್ಕಿದಳು, ಮತ್ತೆ ಸುರಿದಳು. ಬೆರಳು ಸುಲಿದವು. ಅದನ್ನು ನೋಡಲಾರದೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಅಟ್ಟದ ಮೇಲಿನ ಹಂಡೆ, ಕೊಡ ಇಳಿಸಿಕೊಂಡು ಬಂದು ಪಕ್ಕದಲ್ಲಿ ಕುಳಿತರು.

ಹೊತ್ತು ಇಳಿಯುವಾಗ ಹಾಲಿನ ಚೀಲವೊಂದರ ಅಂಚು ಮುದುಡಿತು. ಗುಳ್ಳೆ ಎದ್ದಿತು. ನೋಡನೋಡುತ್ತ ಚೀಲವೇ ಕರಗಿಹೋಯಿತು.

ಗುರುಶಾಂತನ ನಗು ನಿಂತಿತ್ತು. ಫಕೀರವ್ವ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು. ಅವನ ಪ್ಲಾಸ್ಟಿಕ್ ಬೋರ್ಡನ್ನು ಬುಡಸಮೇತ ಕಿತ್ತು ಹೊಂಡಕ್ಕೆ ಎಸೆದಳು.

“ಮೊದಲ ಇದನ್ನ ತಿನ್ನವ್ವಾ,” ಅಂದಳು.