ಮುದ್ದು ಮಗಳಿಗೆ, ಹಡಗಿನಿಂದ

ನಾವಿಕರ ಕೋಣೆಯ ಬಾಗಿಲು ದೂಡಿ ಕಪ್ತಾನ ಕಳ್ಳಹೆಜ್ಜೆ ಇಟ್ಟು ಒಳಗೆ ಬಂದ. ತನ್ನ ಹಡಗಿನಲ್ಲಿ ತಾನೇ ಕಳ್ಳನಂತೆ ನಡೆಯಬೇಕಾಗಿ ಬಂತಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಆದರೆ ಬೇರೆ ದಾರಿ ಇರಲಿಲ್ಲ. ಹರಿದ ಹಾಯಿಗಳನ್ನು ಹೊಲಿಯುವ ನಾವಿಕನೊಬ್ಬನಿದ್ದ; ಎಲ್ಲರ ಬಾಯಲ್ಲೂ ಅವನ ಹೆಸರು ದಬ್ಬಣ. ಹತ್ತು ದಿನದಿಂದ ಅವನು ಒಂದು ಪುಸ್ತಕದಲ್ಲಿ ಏನೋ ಗೀಚುತ್ತಿದ್ದ. ಸುತ್ತ ಕೂತವರು ಕಿಸಿಕಿಸಿ ನಗುತ್ತಿದ್ದರು. ಕಪ್ತಾನ ಹತ್ತಿರ ಬಂದರೆ ಎಲ್ಲರ ಬಾಯಿಗೂ ಬೀಗ.

ದಂಗೆಯ ಸಂಚೇ? ಮೇಲಿನವರಿಗೆ ದೂರೇ? ಭೂಪಟದಲ್ಲಿಲ್ಲದ ಸಮುದ್ರವೊಂದನ್ನು ಹುಡುಕಿ ಹೊರಟು ಏಳು ತಿಂಗಳಾಗಿತ್ತು. ಇಂಥ ಹೊತ್ತಿನಲ್ಲಿ ಇಪ್ಪತ್ತಮೂರು ಮಂದಿ ಒಟ್ಟಾಗಿ ತಿರುಗಿಬಿದ್ದರೆ ಕಪ್ತಾನನ ಗತಿ ಏನು?

ದಬ್ಬಣ ಹಾಯಿಕಂಬದ ತುದಿಯಲ್ಲಿ ಕೆಲಸದಲ್ಲಿದ್ದ. ಪುಸ್ತಕ ಅವನ ಹಾಸಿಗೆಯ ಮೇಲೆ ತೆರೆದೇ ಬಿದ್ದಿತ್ತು. ಹಡಗು ಓಲಾಡಿದರೆ ಪುಟ ಮಗುಚದಿರಲೆಂದು ಮೇಲೊಂದು ಕತ್ತರಿ.

‘ಮುದ್ದು ಮಗಳೇ’ ಎಂದಿತ್ತು ಮೊದಲ ಸಾಲು. ಕಪ್ತಾನನಿಗೆ ಹೋದ ಜೀವ ಬಂದಂತಾಯಿತು.

‘ಇಂದು ನಮ್ಮ ಅಡುಗೆಯವನಿಗೆ ಜ್ವರ. ಕಪ್ತಾನರು ತಾವೇ ಕೆಳಗಿಳಿದು ಬಂದರು. ತಮ್ಮ ಕಂಬಳಿ ಹೊದಿಸಿ, ಎರಡು ದಿನ ಒಲೆಯ ಹತ್ತಿರ ಸುಳಿಯಬೇಡ ಎಂದರು. ಇಂಥವರ ಜೊತೆ ನಿನ್ನಪ್ಪ ಇದ್ದಾನೆ. ನೀನು ಚಿಂತೆ ಮಾಡಬೇಡ.’

ಕಪ್ತಾನ ಎರಡು ಸಲ ಓದಿದ. ಬೆಳಿಗ್ಗೆಯಷ್ಟೇ ಅಡುಗೆಕೋಣೆಯ ಬಾಗಿಲಲ್ಲಿ ನಿಂತು, ಊಟ ಯಾಕೆ ತಡ ಎಂದು ತಾನು ಗುಡುಗಿದ್ದು ನೆನಪಾಯಿತು. ಪಾಪ, ಮಗಳು ಹೆದರಬಾರದೆಂದು ಅಪ್ಪ ಸುಳ್ಳು ಬರೆದಿದ್ದಾನೆ. ಕಪ್ತಾನನ ಕಿವಿ ಬಿಸಿಯಾಯಿತು.

ಅರ್ಧ ಗಂಟೆಯೊಳಗೆ ಕಂಬಳಿ ಅಡುಗೆಯವನ ಮೈಮೇಲಿತ್ತು. “ಎರಡು ದಿನ ಒಲೆ ಹತ್ರ ಸುಳೀಬೇಡ” ಎಂದ ಕಪ್ತಾನ, ಬೇರೆ ಮಾತು ತೋಚದೆ.

“ನಿಮ್ಮ ಬಾಯಲ್ಲಿ ಈ ಮಾತು ಬಂದೇ ಬರುತ್ತೆ ಅಂತ ನಂಗೊತ್ತಿತ್ತು ಸಾಹೇಬ್ರೇ” ಎಂದ ಅಡುಗೆಯವನು ಕಂಬಳಿಯೊಳಗಿಂದ.

ಆಮೇಲೆ ಓದುವುದೇ ಚಟವಾಯಿತು. ಅದೃಷ್ಟವೂ ಕಪ್ತಾನನ ಕಡೆಗಿತ್ತು. ಅವನು ಇಳಿದು ಬಂದಾಗಲೆಲ್ಲ ಕೋಣೆ ಖಾಲಿ. ಪುಸ್ತಕ ಅಂದಿನ ಪುಟಕ್ಕೇ ತೆರೆದಿರುತ್ತಿತ್ತು. ಒಂದು ದಿನ, ಕಪ್ತಾನರು ತಮ್ಮ ಪೆಟ್ಟಿಗೆಯ ಖರ್ಜೂರವನ್ನೆಲ್ಲ ಹಂಚಿಬಿಟ್ಟರು ಎಂದಿತ್ತು. ಬಚ್ಚಿಟ್ಟ ಖರ್ಜೂರ ಇವನಿಗೆ ಹೇಗೆ ಗೊತ್ತಾಯಿತೆಂದು ಕಪ್ತಾನ ತಲೆ ಕೆರೆದುಕೊಂಡ. ಹಂಚಿಯೂ ಬಿಟ್ಟ.

ಇನ್ನೊಂದು ದಿನ, ಕಪ್ತಾನರು ಊಟದ ಮೇಲೆ ಜೋಕು ಹೇಳಿ ಎಲ್ಲರ ಹೊಟ್ಟೆ ಹುಣ್ಣಾಗಿಸಿದರು ಎಂದಿತ್ತು. ಅವನಿಗೆ ಗೊತ್ತಿದ್ದದ್ದು ಒಂದೇ ಜೋಕು. ಎದ್ದು ನಿಂತು ಹೇಳಿದ. ಅರ್ಧಕ್ಕೆ ಬರುವಷ್ಟರಲ್ಲಿ ಕೊನೆಯೇ ಮರೆತುಹೋಯಿತು. ಎಲ್ಲರೂ ಪಿಳಿಪಿಳಿ ನೋಡಿದರು. ಆಗ ದಬ್ಬಣ ತೊಡೆ ತಟ್ಟಿ ಹೋ ಎಂದು ನಕ್ಕ. ಹಿಂದೆಯೇ ಇಡೀ ಹಡಗು ಬಿದ್ದೂ ಬಿದ್ದೂ ನಕ್ಕಿತು. ಹುಟ್ಟಿದಾಗಿನಿಂದ ಯಾರನ್ನೂ ನಗಿಸದಿದ್ದ ಕಪ್ತಾನ ಅಂದು ಇನ್ನೊಂದು ತಟ್ಟೆ ಊಟ ಬಡಿಸಿಕೊಂಡ.

ಮುಂದಿನ ವಾರ ಆ ಸಮುದ್ರದ ದಾರಿ ಸಿಕ್ಕಿತು. ಎರಡು ಹಿಮದ ಗೋಡೆಗಳ ನಡುವೆ ಒಂದು ಹಡಗು ನುಸುಳುವಷ್ಟು ಸಂದು. ಅದರಾಚೆ ಯಾರೂ ಕಾಣದ ನೀಲಿ. ಇಪ್ಪತ್ತು ವರ್ಷದಿಂದ ಕಪ್ತಾನ ಕನಸು ಕಂಡ ಸಮುದ್ರ. ಅದಕ್ಕೆ ಅವನ ಹೆಸರೇ ಇಡುತ್ತಾರೆ.

“ಊಟ ಮುಗಿಸಿ. ಆಮೇಲೆ ಒಳಗೆ ನುಗ್ಗೋಣ” ಎಂದು ಆಜ್ಞೆ ಮಾಡಿದ. ಎಲ್ಲರ ಕಣ್ಣೂ ಕಿರುಗುಡುತ್ತಿದ್ದ ಆ ಹಿಮದ ಮೇಲಿತ್ತು.

ಅಭ್ಯಾಸಬಲದಿಂದ ಕಪ್ತಾನ ಕೆಳಗಿಳಿದ.

‘ಮುದ್ದು ಮಗಳೇ, ಇಂದು ನಮ್ಮ ಕಪ್ತಾನರು ಹಡಗು ತಿರುಗಿಸಿದರು. ಮುಂದೆ ನುಗ್ಗಲು ಎಂಥವನಿಗೂ ಆಗುತ್ತದೆ. ಭೂಪಟದ ಒಂದು ಗೆರೆಗಿಂತ ಇಪ್ಪತ್ತಮೂರು ಮನೆ ದೊಡ್ಡವು ಎಂದರು. ಅದಕ್ಕೇ ನಿನ್ನಪ್ಪ ಮನೆಗೆ ಬರುತ್ತಿದ್ದಾನೆ.’

ಶಾಯಿ ಇನ್ನೂ ಆರಿರಲಿಲ್ಲ, ಬೆರಳಿಗೆ ಅಂಟಿತು. ಕಪ್ತಾನ ಅದೇ ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತ. ಯಾರ ಮನೆಯ ವಿಷಯವನ್ನೂ ಒಂದು ದಿನವೂ ವಿಚಾರಿಸಿದವನಲ್ಲ. ಈಗ ನೋಡಿದರೆ, ಎಲ್ಲೋ ಒಂದು ಹೊಸ್ತಿಲಲ್ಲಿ ಒಬ್ಬಳು ಪುಟ್ಟ ಹುಡುಗಿ ನಿಂತು ದಾರಿ ಕಾಯುತ್ತಿದ್ದಾಳೆ. ಎಷ್ಟು ಕಣ್ಣುಜ್ಜಿಕೊಂಡರೂ ಅವಳು ಕದಲಲೊಲ್ಲಳು.

ಮೇಲೆ ಬಂದವನೇ ಗಂಟಲು ಸರಿಮಾಡಿಕೊಂಡ. “ತಿರುಗಿಸಿ. ಮನೆಗೆ ಹೋಗೋಣ.”

ಹಡಗು ಒಂದು ಮೈಲಿ ಸರಿದಿತ್ತೋ ಇಲ್ಲವೋ, ಸಿಡಿಲು ಬಡಿದಂಥ ಸದ್ದಾಯಿತು. ಎರಡೂ ಹಿಮದ ಗೋಡೆಗಳು ಒಂದಕ್ಕೊಂದು ಅಪ್ಪಳಿಸಿ ಸಂದು ಮುಚ್ಚಿಹೋಯಿತು. ಕಪ್ತಾನ ಹಿಂದಿರುಗಿ ನೋಡಿದ. ಅಷ್ಟರಲ್ಲಿ ನಾವಿಕರೆಲ್ಲ ಅವನನ್ನು ಹೆಗಲ ಮೇಲೆತ್ತಿಕೊಂಡಿದ್ದರು.

ನಾಲ್ಕು ತಿಂಗಳ ಮೇಲೆ ಹಡಗು ಬಂದರಿಗೆ ಬಂತು. ದಡದಲ್ಲಿ ಅಪ್ಪಂದಿರು, ಅಮ್ಮಂದಿರು, ಹೆಂಡಿರು, ಮಕ್ಕಳು, ಕಾಲಿಡಲು ಜಾಗವಿಲ್ಲ. ದಬ್ಬಣನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಒಬ್ಬಾಕೆ ಅಳುತ್ತ ನಗುತ್ತಿದ್ದಳು. ಅವನ ತಾಯಿ. ಕಪ್ತಾನ ನೆಟ್ಟಗೆ ಅಲ್ಲಿಗೇ ಹೋದ. ಕದ್ದು ಓದಿದ್ದು ಬಯಲಾದರೆ ಆಗಲಿ. ಈ ಮಾತನ್ನು ಅವನು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ.

“ಅಮ್ಮಾ, ನಿಮ್ಮ ಮೊಮ್ಮಗಳನ್ನ ಸ್ವಲ್ಪ ಕರೀರಿ. ನಾವೆಲ್ಲ ಬದುಕಿ ಬಂದಿರೋದು ಅವಳಿಂದಲೇ.”

ಮುದುಕಿ ಮಗನನ್ನು ನೋಡಿದಳು, ಕಪ್ತಾನನನ್ನು ನೋಡಿದಳು. “ಯಾವ ಮೊಮ್ಮಗಳಪ್ಪಾ? ಇವನಿಗೆ ಮದುವೇನೇ ಆಗಿಲ್ವಲ್ಲ!”

ಕಪ್ತಾನ ಮೆಲ್ಲಗೆ ತಿರುಗಿದ. ಹಿಂದೆ ನಿಂತಿದ್ದ ಅಡುಗೆಯವನಿಗೆ ಆಗಲೇ ಕೆಮ್ಮು ಹತ್ತಿಕೊಂಡಿತ್ತು. ಉಳಿದವರಿಗೆಲ್ಲ ಒಮ್ಮೆಗೇ ಆಕಾಶದಲ್ಲಿ ಏನೋ ಕಂಡಿತ್ತು.

“ಹಾಗಾದ್ರೆ ಆ ಪುಸ್ತಕ ಯಾರಿಗೆ ಬರೆದದ್ದಯ್ಯಾ?”

“ದಿನಾ ತಪ್ಪದೆ ಓದ್ತಿದ್ದವರು ನೀವೊಬ್ಬರೇ ಅಲ್ವಾ ಸಾಹೇಬ್ರೇ?” ಎಂದ ದಬ್ಬಣ.