ಸೊನಾಟಾದ ನಡುವೆ ಅಜ್ಜನ ದನಿ

ಕಾದ ಟೇಪ್‌ರೆಕಾರ್ಡರಿನ ವಾಸನೆ ಈಗಲೂ ಎಲ್ಲಾದರೂ ಬಂದರೆ, ಪುಣೆಯ ಹಡಪಸರದ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಪಿಯಾನೋ ನುಡಿಸುತ್ತಿದ್ದ ಅತ್ತೆ ವಿದೇಶದ ಸಂಗೀತ ಶಾಲೆಯೊಂದರ ಆಯ್ಕೆಗೆ ಕ್ಯಾಸೆಟ್ ಕಳಿಸಬೇಕಿತ್ತು. ಒಂದೇ ಸೊನಾಟಾವನ್ನು ಎರಡು ಸಲ ಧ್ವನಿಮುದ್ರಿಸಿಕೊಂಡಿದ್ದಳು. ಮೊದಲನೆಯದು ಅಜ್ಜ ಇದ್ದಾಗಿನದು, ಎರಡನೆಯದು ಅಜ್ಜ ತೀರಿಕೊಂಡ ಮೇಲಿನದು. ಧಾರವಾಡದ ಬೈಠಕ್‌ಗಳಲ್ಲಿ ಕೂತು ಬೆಳೆದ ಅಜ್ಜನಿಗೆ ಸಂಗೀತವನ್ನು ಬಾಯಿ ಮುಚ್ಚಿ ಕೇಳುವುದು ಗೊತ್ತಿರಲಿಲ್ಲ.

“ಎರಡನೇದ್ದು ಕಳಸು. ಮೊದಲನೇದರಾಗ ಅಪ್ಪಾರ ದನಿ ಅದ. ಅಲ್ಲಿ ಮಂದಿ ನಗ್ತಾರ,” ಎಂದರು ನನ್ನ ತಂದೆ.

“ಖರೇ, ಅಣ್ಣಾ. ಆದ್ರ ನನ್ನ ಕೈ ಭಾಳ ಛಲೋ ನಡದಿದ್ದು ಆವತ್ತೇ. ನೀನೇ ಕೇಳು,” ಎಂದು ಅತ್ತೆ ಮೊದಲನೆಯದನ್ನು ಹಚ್ಚಿದಳು.

ನಿಧಾನದ ಭಾಗದಲ್ಲಿ ಸ್ವರವೊಂದು ಮೆಲ್ಲಗೆ ಇಳಿದು ನಿಂತಿತು. “ಭಲೆ ಮಗಳ! ಏ, ಅಡಗಿಮನ್ಯಾಗ ಏನ್ ಮಾಡ್ತಿ, ಬಾ ಇಲ್ಲೆ, ಕೇಳು!” ಎಂದಿತು ಅಜ್ಜನ ದನಿ.

“ಬಂದೆ, ತಡೀರಿ,” ಎನ್ನುತ್ತ ಅಜ್ಜಿ ಅಡುಗೆಮನೆಯಿಂದ ಹೊರಬಂದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಅಜ್ಜ ಕೂರುತ್ತಿದ್ದ ಕುರ್ಚಿಯನ್ನು ನೋಡಿದಳು, ಆಮೇಲೆ ನಮ್ಮನ್ನು ನೋಡಿದಳು. ಬಾಗಿಲಲ್ಲೇ ನಿಂತಳು. ಸೊನಾಟಾ ಮುಗಿಯುವವರೆಗೂ ಯಾರೂ ಟೇಪ್ ನಿಲ್ಲಿಸಲಿಲ್ಲ.

ಸಂಜೆ ಅತ್ತೆ ಯಾರನ್ನೂ ಕೇಳದೆ ಎರಡನೆಯ ಕ್ಯಾಸೆಟ್ಟನ್ನು ಲಕೋಟೆಗೆ ಹಾಕಿ ಅಂಟಿಸಿದಳು. ಮೊದಲನೆಯದು ಟೇಪ್‌ರೆಕಾರ್ಡರಿನಲ್ಲೇ ಉಳಿಯಿತು.