ನಮ್ಮನೆಯವರು ಬಂದು ಹೇಳ್ತಾರೆ...

ಮೈಸೂರಿನ ಸರಸ್ವತಿಪುರಂನಲ್ಲಿ ಪ್ರತಿ ಶನಿವಾರ ಸಂಜೆ ಒಂದು ಫ್ರೆಂಚ್ ಮಾತುಕತೆಯ ಗುಂಪು ಸೇರುತ್ತದೆ... ಕಾಫಿ ಕುಡಿಯುತ್ತಾ ಫ್ರೆಂಚ್‌ನಲ್ಲೇ ಹರಟಬೇಕು, ಅಷ್ಟೇ.

ಹೆಂಡತಿ ಸುಲೋಚನಾ ಅಲ್ಲಿಗೆ ಸೇರಿದಾಗ ಪದ್ಮರಾಜಯ್ಯ ಜೋರಾಗಿ ನಕ್ಕಿದ್ದರು.

"ಅರವತ್ತಕ್ಕೆ ಅರಳು ಮರಳು ಅಂತಾರೆ... ನಿಂಗೆ ಸ್ವಲ್ಪ ಬೇಗನೇ ಶುರುವಾಯ್ತು ಕಣೇ!"

"ನೀವೂ ಬನ್ನೀಂದ್ರೆ... ಒಂದೇ ಒಂದು ಸಲ."

"ಟಿವೀಲಿ ಮ್ಯಾಚ್ ಇದೆ. ನೀ ಹೋಗ್ಬಾ."

ಪ್ರತಿ ಶನಿವಾರ ಆಕೆ ಕರೆಯುತ್ತಿದ್ದರು... ಪ್ರತಿ ಶನಿವಾರ ಇವರಿಗೆ ಏನಾದರೊಂದು ನೆಪ.

ಒಂದು ದಿನ ಸುಲೋಚನಾ ಹೃದಯಾಘಾತದಿಂದ ತೀರಿಕೊಂಡರು.

ಮನೆ ಭಣಭಣ ಎನ್ನತೊಡಗಿತು. ಆಕೆ ಕರೆದಲ್ಲಿಗೆ ಈಗಲಾದರೂ ಹೋಗಬೇಕು ಎಂದು ಪದ್ಮರಾಜಯ್ಯನವರ ಮನಸ್ಸು ಹಟ ಹಿಡಿಯಿತು. ಫೋನ್ ನೋಡಿಕೊಂಡು ನಾಲ್ಕು ಮಾತು ಫ್ರೆಂಚ್ ಕಲಿತು, ಒಂದು ಶನಿವಾರ ಹೋಗಿಯೇಬಿಟ್ಟರು.

ಆ ಗುಂಪಿನಲ್ಲೊಂದು ಪದ್ಧತಿ... ಹೊಸಬರು ತಮ್ಮ ಬಗ್ಗೆ ಹೇಳಿಕೊಳ್ಳುವಂತಿಲ್ಲ. ತಮ್ಮ ಮನೆಯವರಲ್ಲಿ ಒಬ್ಬರ ಬಗ್ಗೆ ಹೇಳಬೇಕು, ಉಳಿದವರು ಪ್ರಶ್ನೆ ಕೇಳಬೇಕು.

"ನನ್ನ ಹೆಂಡತಿ ಸುಲೋಚನಾ," ಎಂದು ಅವರು ತಡವರಿಸುತ್ತಾ ಫ್ರೆಂಚ್‌ನಲ್ಲಿ ಶುರುಮಾಡಿದರು.

ಒಬ್ಬ ಹುಡುಗಿ ನಿಧಾನವಾಗಿ, ಅರ್ಥವಾಗುವಂತೆ ಕೇಳಿದಳು... ಅವರಿಗೆ ಏನೇನು ಇಷ್ಟವಿತ್ತು?

ಪದ್ಮರಾಜಯ್ಯ ಫೋನ್ ತೆರೆದು ತಡಕಾಡಿದರು.

ಗುಂಪು ನಡೆಸುವ ನಫೀಸಾ ಮೇಡಂ ಮೆಲ್ಲಗೆ ಹೇಳಿದರು, "ಪರವಾಗಿಲ್ಲ ಸರ್, ಇವತ್ತು ಕನ್ನಡದಲ್ಲೇ ಹೇಳ್ಬಿಡಿ."

ಅವರು ಬಾಯಿ ತೆರೆದರು... ಕನ್ನಡದಲ್ಲೂ ಉತ್ತರ ಇರಲಿಲ್ಲ. ಇಡೀ ಸಂಸಾರದಲ್ಲಿ ಆ ಪ್ರಶ್ನೆಯನ್ನು ಅವರು ಒಮ್ಮೆಯೂ ಕೇಳಿರಲಿಲ್ಲ!

"ಸುಲೋಚನಾ ಅವ್ರು ನಿಮ್ಮ ಬಗ್ಗೆ ಎಷ್ಟು ಹೇಳಿದ್ರು ಗೊತ್ತಾ ಸರ್?" ಎಂದರು ನಫೀಸಾ ಮೇಡಂ. " ಬದನೆಕಾಯಿ ಮುಟ್ಟಲ್ಲ, ಗುಡುಗಿದ್ರೆ ಹೆದರ್ತಾರೆ ಆದ್ರೆ ತೋರಿಸ್ಕೊಳ್ಳಲ್ಲ, ಖುಷಿಯಾದ್ರೆ ಶೇವಿಂಗ್ ಮಾಡ್ತಾ ಹಾಡ್ತಾರೆ... ನೀವು ನಮಗೆಲ್ಲ ಹಳೇ ಪರಿಚಯ."

ಅವರ ಕಣ್ಣು ತುಂಬಿತು. "ಮೇಡಂ... ಅವಳಿಗೇನು ಇಷ್ಟ ಅಂತ ನಿಮ್ಗಾದ್ರೂ ಹೇಳಿದ್ಲಾ?"

ನಫೀಸಾ ಮೇಡಂ ತಲೆ ತಗ್ಗಿಸಿದರು.

"ಕೇಳ್ತಾನೇ ಇದ್ವಿ ಸರ್... 'ನನ್ನ ವಿಷಯ ನಮ್ಮನೆಯವರು ಬಂದು ಹೇಳ್ತಾರೆ' ಅಂತ ನಗ್ತಿದ್ರು."

ಪದ್ಮರಾಜಯ್ಯ ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತರು.

*ಒಂದೇ ಸೂರಿನಡಿ ಬಾಳಿದ ಮಾತ್ರಕ್ಕೆ ಒಬ್ಬರು ನಮಗೆ ಗೊತ್ತು ಎಂದಲ್ಲ... ಕೇಳಿ ತಿಳಿಯಬೇಕು, ಅವರು ಇರುವಾಗಲೇ.*

ಒಂದು ನಿಮಿಷ ಫೋನ್ ಕೆಳಗಿಟ್ಟು ಯೋಚಿಸಿ... ನಿಮ್ಮ ಮನೆಯವರಿಗೆ ಏನು ಇಷ್ಟ ಎಂದು ಯಾರಾದರೂ ಕೇಳಿದರೆ, ನೀವು ಏನು ಹೇಳುತ್ತೀರಿ?